ಹತ್ತು ಮನೆಗೆ ಒಂದೇ ಕಟ್ಟೆ

ನನಗೆ ಸಿಟ್ಟು ಬೇಗ ಬರುತ್ತದೆ. ತೊರವಿಯ ನನ್ನ ತವರಿನಲ್ಲಿ ಇದನ್ನು ಶಿಸ್ತು ಎನ್ನುತ್ತಾರೆ. ಗಂಡನ ಮನೆಯಲ್ಲಿ ಅಷ್ಟು ಮರ್ಯಾದೆ ಕೊಡುವುದಿಲ್ಲ. ಈಗ ಬರೆಯಹೊರಟ ಸಂಗತಿಯಲ್ಲಿ ಆ ಸಿಟ್ಟಿಗೂ ಒಂದು ಪಾಲಿದೆ, ಅದಕ್ಕೇ ಮೊದಲು ಹೇಳಿಬಿಟ್ಟೆ.

ನಾನು ವಿಜಯಪುರದಲ್ಲಿ ಜೋಪಡಿಯವರಿಗೆ ಪಕ್ಕಾ ಮನೆ ಕಟ್ಟಿಸುವ ಯೋಜನೆಯೊಂದರಲ್ಲಿ ಕಿರಿಯ ಎಂಜಿನಿಯರ್. ಕಟ್ಟಿಸುವ ಎಂದದ್ದು ತಪ್ಪು, ಕಟ್ಟುವವರು ಅವರೇ. ಜಾಗ, ಸಿಮೆಂಟು, ಕಬ್ಬಿಣ, ಬಾಗಿಲು ಯೋಜನೆಯವು, ರಟ್ಟೆ ಅವರದು. ಗುತ್ತಿಗೆದಾರ ಇಲ್ಲ. ಹತ್ತು ಕುಟುಂಬಕ್ಕೆ ಒಂದು ಗುಂಪು. ಮನೆಗೆ ಇಬ್ಬರಂತೆ ದುಡಿಯಬೇಕು. ಇಬ್ಬರು ಗೌಂಡಿಗಳು ಜೊತೆಗಿದ್ದು ಕೆಲಸ ಕಲಿಸುತ್ತಾರೆ. ಅವರು ಬಾಯಾರ, ಅಂದರೆ ಮೇಡಂ, ಎಂದು ಕರೆಯುವ ನಾನು ವಾರಕ್ಕೆ ನಾಲ್ಕು ದಿನ ಹೋಗಿ ಅಳತೆ ಹಿಡಿಯುತ್ತೇನೆ, ಫೋಟೋ ತೆಗೆಯುತ್ತೇನೆ, ಒದರುತ್ತೇನೆ. ಒದರುವುದು ನೇಮಕಾತಿ ಆದೇಶದಲ್ಲಿ ಇರಲಿಲ್ಲ, ನಾನಾಗಿಯೇ ಸೇರಿಸಿಕೊಂಡದ್ದು.

ನಮ್ಮ ಯೋಜನೆಯಲ್ಲಿ ಒಂದು ನಿಯಮವಿತ್ತು. ಹತ್ತೂ ಮನೆಗಳ ಗೋಡೆಗೆ ಗಿಲಾವು ಬಳಿದು, ಬಾಗಿಲು ಕೂತು, ಕೊನೆಯ ಬಕೆಟ್ ತೊಳೆದಿಡುವವರೆಗೆ ಯಾವ ಮನೆ ಯಾರದೆಂದು ಯಾರಿಗೂ ಗೊತ್ತಿರಬಾರದು. ಆಮೇಲೆ ಚೀಟಿ ಎತ್ತುವುದು. ಈ ನಿಯಮ ಸುಮ್ಮನೆ ಬಂದದ್ದಲ್ಲ. ಮೊದಲ ಗುಂಪಿಗೆ ನಾವು ಮೊದಲೇ ಮನೆ ಹಂಚಿದ್ದೆವು. ಆಗ ತನ್ನ ಗೋಡೆಗೆ ನಾಲ್ಕು ಬುಟ್ಟಿ ಮರಳಿಗೊಂದು ಬುಟ್ಟಿ ಸಿಮೆಂಟು, ಮಂದಿಯ ಗೋಡೆಗೆ ಎಂಟಕ್ಕೊಂದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಬೇರೆಯವರ ಮನೆ ಕಟ್ಟುವುದನ್ನು ನೋಡಬೇಕು, ಆಗ ಮನುಷ್ಯರು ತಿಳಿಯುತ್ತಾರೆ. ಎರಡನೆಯ ಗುಂಪಿಗೆ ಈ ನಿಯಮ ತಂದೆವು. ಗೋಡೆಗಳು ತಾವಾಗಿಯೇ ನೆಟ್ಟಗಾದವು. ನಾನು ಆ ನಿಯಮವನ್ನು ಪ್ರೀತಿಸುತ್ತಿದ್ದೆ. ಅದು ನನ್ನ ಸ್ವಂತ ಕಲ್ಪನೆ ಅಲ್ಲದಿದ್ದರೂ ನನ್ನದೇ ಕೂಸಿನ ಹಾಗೆ ಎತ್ತಿ ಆಡಿಸುತ್ತಿದ್ದೆ.

ಎರಡನೆಯ ಗುಂಪಿನವರು ತಿಕೋಟಾ, ಬಬಲೇಶ್ವರ, ಮಮದಾಪುರ, ಅರಕೇರಿ ಕಡೆಯಿಂದ ಕೂಲಿಗೆಂದು ಬಂದು ಊರಂಚಿನಲ್ಲಿ ಜೋಪಡಿ ಹಾಕಿಕೊಂಡವರು. ಅವರು ಕೂತಲ್ಲೇ ಕೂತಿದ್ದರು, ಊರು ಬೆಳೆದು ಅವರನ್ನು ದಾಟಿ ಮುಂದೆ ಹೋಗಿತ್ತು. ಹೊಸ ಜಾಗ ತೊರವಿ ರಸ್ತೆಯ ಪಕ್ಕದ ಕಲ್ಲುಮಣ್ಣಿನ ಗರಸು ನೆಲ, ಜೋಪಡಿಗಳಿಂದ ಕೂಗಳತೆಯ ದೂರ. ರಸ್ತೆಯಿಂದ ಒಳಕ್ಕೆ ಹೋದಂತೆ ನೆಲ ಇಳಿಯುತ್ತಿತ್ತು. ಹತ್ತು ಮನೆ ಒಂದೇ ಸಾಲಿನಲ್ಲಿ. ನಾನು ಈ ತುದಿಯಿಂದ ಆ ತುದಿಗೆ ಒಂದೇ ನೂಲು ಕಟ್ಟಿ ಹತ್ತೂ ಮನೆಗಳ ಒಳನೆಲವನ್ನು ಒಂದೇ ಮಟ್ಟಕ್ಕೆ ತಂದೆ. ಹೀಗಾಗಿ ರಸ್ತೆ ಬದಿಯ ಎರಡು ಮನೆಗಳಿಗೆ ಒಂದೊಂದೇ ಮೆಟ್ಟಿಲು ಸಾಕು, ಒಳಗೆ ಹೋದಂತೆ ಎರಡೆರಡು ಮನೆಗೆ ಎರಡು, ಮೂರು, ನಾಲ್ಕು, ಕೊನೆಯ ಎರಡು ಮನೆಗಳಿಗೆ ಐದೈದು. ಒಟ್ಟು ಮೂವತ್ತು ಮೆಟ್ಟಿಲು. ನಕಾಶೆಯಲ್ಲಿ ಬಹಳ ಚಂದ ಕಾಣುತ್ತಿತ್ತು.

ಆ ಮೂವತ್ತೂ ಮೆಟ್ಟಿಲುಗಳ ಕಲ್ಲು ಕಟೆಯುತ್ತಿದ್ದವನಿಗೆ ಕಾಲುಗಳ ಮೇಲೆ ನಿಲ್ಲಲು ಆಗುತ್ತಿರಲಿಲ್ಲ.

ಅವನು ತಿಕೋಟಾ ಕಡೆಯವನು. ಹರೆಯದಲ್ಲಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವಾಗ ಮೇಲಿನಿಂದ ಬಂಡೆ ಜಾರಿ ಸೊಂಟದ ಕೆಳಗೆ ಬಲ ಹೋಗಿತ್ತು. ಹಲಗೆಯೊಂದಕ್ಕೆ ನಾಲ್ಕು ಬೇರಿಂಗು ಬಡಿದುಕೊಂಡು, ಎರಡೂ ಕೈಯಲ್ಲಿ ಕಟ್ಟಿಗೆಯ ಗುಂಡು ಹಿಡಿದು ನೆಲ ತಳ್ಳುತ್ತ ಓಡಾಡುತ್ತಿದ್ದ. ಕೆಲಸ ಶುರುವಾದ ದಿನ, ಮನೆಗೆ ಇಬ್ಬರು ಅಂದರೆ ಇವನನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಯಾರೋ ಪಿಸುಗುಟ್ಟಿದರು. ಅವನಿಗೆ ಕೇಳಿಸಿತು.

"ಹೊರೂದು ನನ್ನ ಕೈಲೆ ಆಗಂಗಿಲ್ಲ," ಅಂದ. "ಕಲ್ಲು ತಂದು ಮುಂದ ಹಾಕ್ರಿ. ಪಾವಟಿಗಿ ಕಲ್ಲು, ಹೊಸ್ತಲ ಕಲ್ಲು, ಹತ್ತೂ ಮನೀದು ನಂದು."

ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಎನ್ನುತ್ತಾರೆ. ಅವನು ಬೇವಿನ ಗಿಡದ ಕೆಳಗೆ ಗೋಣಿತಾಟು ಹಾಸಿಕೊಂಡು ಕೂತ. ಹೆಂಡತಿ ಎರಡಾಳಿನ ಕೆಲಸ ಮಾಡುವ ಗಟ್ಟಿ ಹೆಂಗಸು, ಮಾತು ಕಡಿಮೆ. ಬುಟ್ಟಿ ಹೊತ್ತು ಆ ಗಿಡದ ಹತ್ತಿರ ಹಾದಾಗಲೆಲ್ಲ ಅವನ ನೀರಿನ ತಂಬಿಗೆ ಖಾಲಿಯಾಗಿದೆಯೋ ಎಂದು ಒಮ್ಮೆ ನೋಡಿ ಹೋಗುತ್ತಿದ್ದಳು. ದಿನವಿಡೀ ಉಳಿಯ ಸಪ್ಪಳ. ಕರಿಕಲ್ಲನ್ನು ಅವನು ಎಷ್ಟು ನುಣುಪು ಮಾಡುತ್ತಿದ್ದನೆಂದರೆ ಹೆಂಗಸರು ಊಟದ ಹೊತ್ತಿಗೆ ಅದರ ಮೇಲೇ ರೊಟ್ಟಿ ಇಟ್ಟುಕೊಂಡು ಶೇಂಗಾ ಹಿಂಡಿ ಸುರುವಿಕೊಳ್ಳುತ್ತಿದ್ದರು.

ಒಂದು ದಿನ ನೋಡಿದರೆ ಹೊಸ್ತಿಲ ಕಲ್ಲುಗಳನ್ನೆಲ್ಲ ಗಿಡ್ಡ ಮಾಡಿ ಎರಡೂ ಅಂಚನ್ನು ಉರುಟಾಗಿ ತಿದ್ದುತ್ತಿದ್ದ. ನನಗೆ ರೇಗಿತು. ನಕಾಶೆಯಲ್ಲಿದ್ದದ್ದು ಚೌಕು ಅಂಚು.

"ಇದೇನಿದು? ಇದಕ್ಕ ಎಷ್ಟು ದಿನ ಕೆಡಸ್ತಿ?"

"ಚೌಕ ಇದ್ರ ಹೆಣ್ಣಮಕ್ಕಳ ಸೀರಿ ಸಿಗತಾವ್ರಿ ಬಾಯಾರ," ಅಂದ, ತಲೆ ಎತ್ತದೆ.

ಸೀರೆಯ ಬಗ್ಗೆ ಇಷ್ಟು ಕಾಳಜಿ ಇರುವ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ನಂಬಿದೆ, ಸುಮ್ಮನಾದೆ. ಮನುಷ್ಯ ತಾನು ಹತ್ತಲಾರದ ಮೆಟ್ಟಿಲುಗಳನ್ನು ಎರಡು ತಿಂಗಳಿಂದ ಕಟೆಯುತ್ತಿದ್ದಾನೆ ಎನ್ನುವುದು ಹೋದಾಗಲೆಲ್ಲ ಅವನ ಮುಂದೆ ನಿಂತು ಅಳತೆ ಹಿಡಿಯುತ್ತಿದ್ದ ನನಗೆ ಹೊಳೆಯಲೇ ಇಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹೊಳೆಯುವಂತೆ ಮಾಡಿದವಳು ಅವನ ಹೆಂಡತಿ. ಸ್ಲ್ಯಾಬು ಹಾಕಿ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಸ್ಕೂಟಿಯ ಹತ್ತಿರ ಬಂದು ನಿಂತಳು.

"ಬಾಯಾರ, ನಮಗ ರಸ್ತೆ ಕಡೀದು ಮದಲನೇ ಮನಿ ಕೊಡ್ರಿ."

"ಚೀಟಿ ಎತ್ತೂದು ಅಂತ ಹೇಳೇನಲ್ಲ. ನಿಮಗ ಒಂದು ಕೊಟ್ರ ಉಳದ ಒಂಬತ್ತು ಮಂದಿ ಸುಮ್ಮ ಕುಂದರ್ತಾರೇನು?"

ಅವಳು ಸ್ಕೂಟಿ ಬಿಟ್ಟು ಕದಲಲಿಲ್ಲ. ನಾನೇ ಸ್ವಲ್ಪ ಇಳಿದು, "ಯಾವ ಮನಿ ಬಂದರೂ ಚಿಂತಿಲ್ಲ, ಅದರ ಮುಂದ ಅವರು ಹತ್ತೂ ಹಂಗ ಒಂದು ಇಳಿಜಾರು ಮಾಡಿಸಿ ಕೊಡ್ತೇನಿ" ಅಂದೆ. ದೊಡ್ಡ ಉಪಕಾರ ಮಾಡಿದ ಹಾಗೆ ಅನ್ನಿಸಿತು ನನಗೆ.

"ನಮ್ಮ ಮನಿ ಒಂದು ಹತ್ತಿದ್ರ ಆತೇನ್ರಿ?" ಅಂದಳು. "ಜೋಪಡ್ಯಾಗ ಅವರು ಮುಂಜಾನೆ ಎದ್ದ ಕೂಡಲೇ ಎಲ್ಲಾರ ಬಾಗಲಿಗೆ ಹೋಗಿ ಬರ್ತಾರ. ಒಂದ ಮನ್ಯಾಗ ಚಾ, ಒಂದ ಮನ್ಯಾಗ ಎಲಿ ಅಡಿಕಿ. ಯಾರಿಗೆ ಜ್ವರ ಬಂದಾವು, ಯಾರು ಊರಿಗೆ ಹೋಗ್ಯಾರ, ಎಲ್ಲಾ ಅವರಿಗೇ ಗೊತ್ತು. ಇಲ್ಲಿ ಎಲ್ಲಾರೂ ಮ್ಯಾಲ ಹೋಗತಾರ. ಇವರು ಕೆಳಗ ಕುಂತು ಒದರಬೇಕು, ಇಲ್ಲಾ ನಮ್ಮ ಮನ್ಯಾಗ ಒಬ್ಬರೇ ಕುಂದರಬೇಕು. ಮದಲನೇ ಮನಿ ಆದ್ರ ರಸ್ತೆದಾಗ ಹೋಗೂ ಮಂದಿಯರ ಮಾತಾಡಸ್ತಾರ ಅಂತ ಕೇಳೇನ್ರಿ."

ಉತ್ತರ ಇಲ್ಲದಾಗ ನಾನು ನಿಯಮ ಹೇಳುತ್ತೇನೆ. ಮತ್ತೊಮ್ಮೆ ನಿಯಮ ಹೇಳಿದೆ. ಅವಳು ಆಯಿತೆಂದು ಹೋಗಿ ಬುಟ್ಟಿ ಎತ್ತಿಕೊಂಡಳು.

ಜೋಪಡಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಮರುದಿನ ಅವನಿಗೆ ಗೊತ್ತಾಗಿ ಎಲ್ಲರೆದುರು ಹೆಂಡತಿಯನ್ನು ಬೈದ. "ಯಾರ ಮುಂದ ಕೈ ಒಡ್ಡಾಕ ಹೋಗಿದ್ದಿ ಬೇ? ನನ್ನ ಸಲುವಾಗಿ ಅಂತ ಯಾರರ ಒಂದ ಕಲ್ಲು ಹೆಚ್ಚಿಗಿ ಇಟ್ರ, ನಾ ಈ ಕಡೆ ಬರಾಂವಲ್ಲ. ಆ ಜೋಪಡ್ಯಾಗ ಇರಾಂವ." ಹೆಂಗಸರು ಯಾರೂ ಮಾತಾಡಲಿಲ್ಲ, ಆದರೆ ಅವರು ಮಾತಾಡದೆ ಇರುವುದು ನನಗೆ ಆಗಲೇ ಅನುಮಾನ ತರಬೇಕಿತ್ತು.

ಅದರ ಮರುದಿನವೇ ಬೇರೆ ಜಗಳ ಎದ್ದಿತು. ಮೆಟ್ಟಿಲು ಕೂರಿಸಲು ಗುರುತು ಹಾಕಲು ಹೋದೆ. ಗುಂಪಿನ ಹಿರಿಯಳು ಬಂದು ಆ ಗುರುತುಗಳನ್ನು ಎಣಿಸಿದಳು. ಮಮದಾಪುರದವಳು, ಕೆರೆಯ ದಂಡೆಯಲ್ಲಿ ಕುರಿ ಕಾಯ್ದು ಬೆಳೆದವಳು. ಎಣಿಸುವುದರಲ್ಲಿ ಅವಳಿಗೆ ಯಾರೂ ಮೋಸ ಮಾಡುವಂತಿರಲಿಲ್ಲ. ನಮ್ಮ ಕಡೆ ಮನೆಯ ಮೆಟ್ಟಿಲನ್ನು ಒಂದು ಎರಡು ಎಂದು ಎಣಿಸುವುದಿಲ್ಲ. ಲಾಭ, ನಷ್ಟ, ಲಾಭ ಎಂದು ಎಣಿಸುತ್ತಾರೆ. ಕೊನೆಯದು ಲಾಭಕ್ಕೆ ನಿಲ್ಲಬೇಕು.

"ಲಾಭ, ನಷ್ಟ, ಲಾಭ, ನಷ್ಟ," ಎಂದು ಏಳನೆಯ ಮನೆಯ ಮುಂದೆ ಎಣಿಸಿ ಕೈ ಸೊಂಟಕ್ಕಿಟ್ಟಳು. "ನಾಕ ಪಾವಟಿಗಿ ಮನೀಗೆ ಯಾರು ಹೋಗಬೇಕ್ರಿ?"

ಎರಡರ ಮನೆ ಎರಡು, ನಾಲ್ಕರ ಮನೆ ಎರಡು. ಒಟ್ಟು ನಾಲ್ಕು ಮನೆ ನಷ್ಟಕ್ಕೆ ನಿಲ್ಲುತ್ತಿದ್ದವು. ಅವು ಯಾರದೆಂದು ಮೊದಲೇ ಗೊತ್ತಿದ್ದರೆ ನಾಲ್ಕು ಮನೆಯವರಷ್ಟೇ ಜಗಳಕ್ಕೆ ಬರುತ್ತಿದ್ದರು. ನನ್ನ ಮುದ್ದಿನ ನಿಯಮದ ದೆಸೆಯಿಂದ ಹತ್ತೂ ಮನೆಯವರು ಬಂದರು. ನಾಳೆ ಚೀಟಿಯಲ್ಲಿ ನನಗೇ ಬಂದರೆ ಎಂಬ ಭಯ ಎಲ್ಲರಿಗೂ ಇತ್ತು. ನಾನು ವಿಜ್ಞಾನ ಹೇಳಿದೆ, ಇಳಿಜಾರಿನ ಲೆಕ್ಕ ಹೇಳಿದೆ, ಕಲಿತವರ ಮನೆಗಳಲ್ಲಿ ಯಾರೂ ಇದನ್ನು ನೋಡುವುದಿಲ್ಲ ಎಂದು ಸುಳ್ಳೂ ಹೇಳಿದೆ. ತೊರವಿಯ ನಮ್ಮ ಮನೆಗೆ ಮೂರು ಮೆಟ್ಟಿಲು ಬರಲೆಂದು ಅಪ್ಪ ಅಂಗಳವನ್ನೇ ಅಗೆಸಿದ್ದ.

"ನಾ ನಕಾಶೆ ಬದಲ ಮಾಡಂಗಿಲ್ಲ. ಸಾಹೇಬರು ಸಹಿ ಮಾಡಿದ್ದು ಹೆಂಗೈತಿ ಹಂಗ ಆಗಬೇಕು," ಎಂದು ಹೇಳಿ ಹೊರಟೆ. ಆ ವಾರವೇ ನನ್ನನ್ನು ಬಬಲೇಶ್ವರದ ಕಡೆ ಬೇರೊಂದು ಸರ್ವೆಗೆ ಕಳಿಸಿದರು. ಹನ್ನೆರಡು ದಿನ ಅಲ್ಲೇ ಬಿಸಿಲಲ್ಲಿ ಟೇಪು ಎಳೆದೆ. ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು ಅಂದುಕೊಂಡೆ. ಹನ್ನೆರಡು ದಿನದಲ್ಲಿ ಅವರ ಹಟ ಇಳಿಯುತ್ತದೆ, ಮೆಟ್ಟಿಲು ಕೂರುತ್ತವೆ.

ತಿರುಗಿ ಬಂದ ದಿನ ಸ್ಕೂಟಿ ನಿಲ್ಲಿಸುವ ಮೊದಲೇ ಕಂಡಿತು. ಒಂದೂ ಮೆಟ್ಟಿಲು ಇರಲಿಲ್ಲ.

ಅದರ ಬದಲು ಮೊದಲನೆಯ ಮನೆಯಿಂದ ಹತ್ತನೆಯ ಮನೆಯವರೆಗೆ ಬಾಗಿಲುಗಳ ಮುಂದೆ ಒಂದೇ ಉದ್ದನೆಯ ಕಟ್ಟೆ. ಪಾಯ ತೋಡಿದಾಗ ಬಂದ ಗರಸು, ಕಲ್ಲಿನ ಚೂರು ಎಲ್ಲವನ್ನೂ ತುಂಬಿ, ಬಡಿದು ದಮ್ಮಸು ಮಾಡಿ, ಮೇಲೆ ಸಾರಿಸಿದ ಹಾಗೆ ಸಪಾಟು ಮಾಡಿದ್ದರು. ಈ ತುದಿಯಲ್ಲಿ ಕಟ್ಟೆ ನೆಲದಿಂದ ಗೇಣೆತ್ತರ, ಆ ತುದಿಯಲ್ಲಿ ಸೊಂಟದ ಹತ್ತಿರ. ಮೇಲಿನ ಮಟ್ಟ ಮಾತ್ರ ಎಲ್ಲೂ ಕೂದಲೆಳೆ ತಪ್ಪಿರಲಿಲ್ಲ, ಯಾಕೆಂದರೆ ಅದು ನನ್ನದೇ ನೂಲಿನ ಮಟ್ಟ. ಕಟೆದ ಪಾವಟಿಗೆ ಕಲ್ಲುಗಳನ್ನೆಲ್ಲ ಕಟ್ಟೆಯ ಅಂಚಿಗೆ ಸಾಲಾಗಿ ಹಾಕಿದ್ದರು. ರಸ್ತೆಯ ಕಡೆ ಗೇಣೆತ್ತರವನ್ನು ಇಳಿಜಾರು ಮಾಡಿ ನೆಲಕ್ಕೆ ಕೂಡಿಸಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರು ಗೌಂಡಿಗಳೂ ಹೆಂಗಸರ ಹಿಂದೆ ಹೋಗಿ ನಿಂತರು.

"ಯಾರು ಹೇಳಿದ್ದು ಇದನ್ನ ಕಟ್ಟಂತ?"

ಮಮದಾಪುರದ ಹಿರಿಯಳು ಸೆರಗು ಸರಿಮಾಡಿಕೊಂಡು, "ಪಾವಟಿಗೀನ ಇಲ್ಲಂದ ಮ್ಯಾಲ ಲಾಭ ನಷ್ಟದ ಮಾತೇ ಇಲ್ಲಲ್ರಿ. ಯಾರಿಗೆ ಯಾವ ಮನಿ ಬಂದ್ರೂ ಜಗಳಿಲ್ಲ" ಅಂದಳು.

ಮೂಢನಂಬಿಕೆಗೆ ನೂರಾರು ಬುಟ್ಟಿ ಗರಸು ಸುರಿದಿದ್ದಾರಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ನಕಾಶೆ ಬಿಚ್ಚಿ ತೋರಿಸಿದೆ. ಇದಕ್ಕೆ ಮಂಜೂರಾತಿ ಇಲ್ಲ, ಒಡೆಯಿರಿ, ನಾಳೆಯಿಂದಲೇ ಒಡೆಯಿರಿ, ಇಲ್ಲದಿದ್ದರೆ ಕೊನೆಯ ಫೋಟೋ ತೆಗೆಯುವುದಿಲ್ಲ, ಫೋಟೋ ಇಲ್ಲದೆ ಯಾರಿಗೂ ಮನೆ ಇಲ್ಲ ಅಂದೆ. ಮೈ ಮುರಿದು ದುಡಿದ ಇಪ್ಪತ್ತು ಜನರ ಮುಂದೆ ನಿಂತು ಆಡಿದ ಮಾತು ಇದು. ಬೇಕಂತಲೇ ಇದ್ದಂತೆ ಬರೆದಿದ್ದೇನೆ.

ಆಗ ಬೇರಿಂಗಿನ ಸಪ್ಪಳ ಕೇಳಿಸಿತು. ಕಟ್ಟೆಯ ಆ ತುದಿಯಿಂದ, ಹತ್ತನೆಯ ಮನೆಯ ಬಾಗಿಲಿನಿಂದ, ಅವನು ಬರುತ್ತಿದ್ದ. ಎರಡೂ ಕೈಯಿಂದ ತಳ್ಳುತ್ತ ಒಂಬತ್ತು, ಎಂಟು, ಏಳನೆಯ ಮನೆ ದಾಟಿದ. ಬಾಗಿಲು ಬಂದಾಗೊಮ್ಮೆ ಒಳಗೆ ಇಣುಕಿ ನೋಡುತ್ತಿದ್ದ. ಮನೆಗಳೆಲ್ಲ ಇನ್ನೂ ಖಾಲಿ, ಆದರೂ ನೋಡುತ್ತಿದ್ದ. ಅವನ ತಲೆ ನಮ್ಮ ಎದೆಯ ಮಟ್ಟಕ್ಕೆ ಬರುವುದನ್ನು ನಾನು ಮೊದಲ ಸಲ ಕಂಡೆ. ಅಲ್ಲಿಯವರೆಗೆ ಯಾವಾಗಲೂ ಬಗ್ಗಿ ಮಾತಾಡಿಸಿದ್ದೆ.

ನಾನು ಹೆಂಗಸರ ಮುಖ ನೋಡಿದೆ. ಒಬ್ಬೊಬ್ಬರೂ ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. ಅವನ ಹೆಂಡತಿ ಕಣ್ಣು ಕೆಳಗೆ ಹಾಕಿದ್ದಳು. ಆಗ ತಿಳಿಯಿತು. ಲಾಭ ನಷ್ಟ ಅವರಿಗೆ ಸಿಕ್ಕ ನೆವ. ಅವನ ಸಲುವಾಗಿ ಒಂದು ಕಲ್ಲನ್ನೂ ಇಡಬಾರದೆಂದು ಅವನು ಹೇಳಿದ್ದ. ಅದಕ್ಕೆ ಹತ್ತು ಮನೆಗಳ ಸಲುವಾಗಿ ಎಲ್ಲ ಕಲ್ಲನ್ನೂ ಇಟ್ಟಿದ್ದರು.

ಅವನು ನನ್ನ ಮುಂದೆ ಬಂದು ನಿಲ್ಲಿಸಿದ. "ಬಾಯಾರ, ನಕಾಶೆ ನೀವೇ ಬದಲ ಮಾಡಿ ಕೊಟ್ಟೀರಂತಲ್ರಿ. ಇವರು ಹೇಳಿದ್ರು. ಮದಲ ಹೇಳಿದ್ರ ಪಾವಟಿಗಿ ಕಲ್ಲು ಅಷ್ಟ ನುಣುಪು ಮಾಡ್ತಿದ್ದಿಲ್ಲ ನಾ."

ಕೈಯಲ್ಲಿ ಹಳೆಯ ನಕಾಶೆ ಬಿಚ್ಚಿ ಹಿಡಿದುಕೊಂಡೇ ಇದ್ದೆ. ಅದನ್ನು ಮಡಚಿದೆ.

"ಹೌದು, ನಾನೇ ಬದಲ ಮಾಡೇನಿ," ಅಂದೆ. "ನೀರು ಪಾಯಕ್ಕ ಇಳೀಬಾರದು ಅಂತ."

ಅವನು ತಲೆಯಾಡಿಸಿ ಬೇವಿನ ಗಿಡದ ಕಡೆ ಹೊರಟ. ನಾನು ಆ ಮಧ್ಯಾಹ್ನವೇ ಕಚೇರಿಗೆ ಹೋಗಿ ಕಟ್ಟೆಯನ್ನು ಸೇರಿಸಿ ಹೊಸ ನಕಾಶೆ ಬರೆದೆ. ಕಟ್ಟಿ ಮುಗಿದದ್ದಕ್ಕೆ ನಕಾಶೆ ಬರೆದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಸಾಹೇಬರ ಮುಂದೆ ಕಟ್ಟೆ ಆಗಲೇ ಎದ್ದು ನಿಂತಿದೆ ಎಂದು ಒಪ್ಪಿಕೊಂಡೆ. ಪಾಯದ ನೀರಿನ ಕಾರಣವನ್ನೂ ಹೇಳಿದೆ, ಅದು ಸುಳ್ಳೇನಲ್ಲ. ಸಾಹೇಬರು ಒಂದಷ್ಟು ಬೈದರು. ಬೈಸಿಕೊಳ್ಳುವುದು ಹೇಗಿರುತ್ತದೆಂದು ನನಗೂ ಗೊತ್ತಾಗಲಿ ಎಂದು ಸುಮ್ಮನೆ ನಿಂತೆ. ಆಮೇಲೆ ಸ್ಥಳಕ್ಕೆ ಬಂದು ನೋಡಿ ಸಹಿ ಮಾಡಿದರು.

ಚೀಟಿ ಎತ್ತಿದ ದಿನ ಅವರಿಗೆ ಒಂಬತ್ತನೆಯ ಮನೆ ಬಂತು. ಹಳೆಯ ನಕಾಶೆಯ ಪ್ರಕಾರ ಐದು ಮೆಟ್ಟಿಲಿನ ಮನೆ. ಚೀಟಿಯನ್ನು ಓದಿದ್ದು ನಾನೇ. ಅವನ ಹೆಂಡತಿ ನಕ್ಕಳು. ಅಷ್ಟು ತಿಂಗಳಲ್ಲಿ ಅವಳು ನಕ್ಕದ್ದನ್ನು ನೋಡಿರಲಿಲ್ಲ.

ಮನೆ ಹೊಕ್ಕ ದಿನ ನನ್ನನ್ನೂ ಕರೆದಿದ್ದರು. ಹತ್ತು ಹೊಸ್ತಿಲಿಗೂ ಅರಿಶಿನ ಕುಂಕುಮ, ಹತ್ತು ಬಾಗಿಲಿಗೂ ಮಾವಿನ ತೋರಣ. ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಹೋಳಿಗೆಯ ಪಾತ್ರೆ ಓಡಾಡುತ್ತಿತ್ತು. ಎಲ್ಲರೂ ಬಲಗಾಲಿಟ್ಟು ಒಳಗೆ ಹೋದರು. ಒಂಬತ್ತನೆಯ ಮನೆಯ ಮುಂದೆ ಅವನ ಹೆಂಡತಿ ತುಂಬಿದ ಕೊಡ ಹಿಡಿದು ಮೊದಲು ಹೋದಳು. ಅವನು ಹಲಗೆ ತಳ್ಳುತ್ತ ಹೊಸ್ತಿಲವರೆಗೆ ಬಂದ. ಕೈಯಲ್ಲಿದ್ದ ಕಟ್ಟಿಗೆಯ ಗುಂಡನ್ನು ಪಕ್ಕಕ್ಕಿಟ್ಟು, ಅಂಗೈಯನ್ನು ಅಂಗಿಗೆ ಒರೆಸಿ, ಬಲಗೈ ಮುಂದೆ ಚಾಚಿ ಹೊಸ್ತಿಲಿನ ಆಚೆ ನೆಲಕ್ಕೆ ಊರಿದ. ಆಮೇಲೆ ಮೈ ಎಳೆದುಕೊಂಡ. ಉರುಟಾದ ಅಂಚಿನ ಮೇಲೆ ಬೇರಿಂಗುಗಳು ಸಪ್ಪಳವಿಲ್ಲದೆ ಹತ್ತಿ ಇಳಿದವು.

ನಾನು ಸಾಲಿನುದ್ದಕ್ಕೂ ನೋಡಿದೆ. ಹತ್ತೂ ಹೊಸ್ತಿಲುಗಳು ಅದೇ ಎತ್ತರ, ಅದೇ ಉರುಟು ಅಂಚು. ಸೀರೆಯ ಮಾತನ್ನು ನಂಬಿದ್ದ ನನ್ನ ಬುದ್ಧಿಗೆ ಏನು ಹೇಳಲಿ. ಅವನು ಹತ್ತು ಮನೆಗಳ ಒಳಗೂ ಹೋಗುವ ಆಸೆ ಇಟ್ಟುಕೊಂಡು, ಬಾಗಿಲವರೆಗೆ ಬರುವ ದಾರಿ ಇಲ್ಲದಾಗಲೇ ಹೊಸ್ತಿಲು ತಿದ್ದುತ್ತ ಕೂತಿದ್ದ.

ಸಂಜೆ ಹೊರಡುವಾಗ ಅವನು ಎರಡನೆಯ ಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ. ನನಗೂ ಒಂದು ಕಪ್ಪು ಬಂತು. ಕಟ್ಟೆಯ ಮೇಲೆ ಅವನ ಪಕ್ಕ ಕೂತೆ.

"ಬಾಯಾರ, ಒಂದ ಮಾತು," ಅಂದ ಮೆಲ್ಲಗೆ. "ನಕಾಶೆ ನೀವು ಬದಲ ಮಾಡಿಲ್ಲ."

ನಾನು ಚಹಾ ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ.

"ನೀವು ಮಾಡಿದ್ರ ಹತ್ತ ಸಲ ಬಂದು ಹತ್ತೂ ಮನಿ ಮುಂದ ಒದರಿ ಹೋಗ್ತಿದ್ರಿ. ಇದು ನೀವು ಇಲ್ಲದಾಗ ಸುಮ್ಮನ ಆಗೇತಿ." ಕಪ್ಪನ್ನು ಕಲ್ಲಿನ ಅಂಚಿನ ಮೇಲಿಟ್ಟ. "ನನಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ್ರಿ. ಭಾಳ ಮಣ್ಣು ಹೊತ್ತಾರ."

ಹೇಳುವುದಿಲ್ಲ ಅಂದೆ. ಅವನು ಮೂರನೆಯ ಮನೆಯ ಕಡೆ ಹಲಗೆ ತಿರುಗಿಸಿದ, ಅಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕರೆಯುತ್ತಿದ್ದರು.